ಎಸ್‌ಎಸ್‌ಎಲ್ ಆನ್ ಮಾಡಿದ್ಮೇಲೆ ಸೈಟ್ 'ಟೂ ಮೆನಿ ರೀಡೈರೆಕ್ಟ್ಸ್' ಅಂತಿದೆ, ಎಲ್ಲಿಂದ ನೋಡ್ಕೊಂಡ್ ಬರೋದು?

ನೀವು ಬರ್ದಿರೋದ್ರಲ್ಲಿ ಮುಖ್ಯವಾದ ಮಾತು ಒಂದೇ. ಮಂಡ್ಯದ ನಿಮ್ಮ ಬೆಲ್ಲದ ಅಂಗಡಿಯ ವರ್ಡ್‌ಪ್ರೆಸ್ ಸೈಟು ಚೆನ್ನಾಗೇ ಓಡ್ತಿತ್ತು, ಕ್ಲೌಡ್‌ಫ್ಲೇರ್ (ಬ್ರೌಸರ್‌ಗೂ ನಿಮ್ಮ ಸರ್ವರ್‌ಗೂ ಮಧ್ಯೆ ನಿಲ್ಲೋ ಸರ್ವಿಸ್) ಹಾಕಿ ಎಸ್‌ಎಸ್‌ಎಲ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ ಭದ್ರತೆ) ಆನ್ ಮಾಡಿದ ದಿನದಿಂದ ಲೂಪ್ ಆಗ್ತಿದೆ, ಅಂದ್ರೆ ಪೇಜ್ ತೆರೀದೆ ಸುತ್ತಿ ಸುತ್ತಿ ಅಲ್ಲಿಗೇ ಬರ್ತಿದೆ ಅನ್ನೋದು. ಕುಕೀಸ್ ತೆಗ್ದಿದ್ದು, ಪ್ಲಗಿನ್ ಫೋಲ್ಡರ್ ಹೆಸ್ರು ಬದ್ಲಾಯಿಸಿದ್ದು, ಯೂಟ್ಯೂಬ್ ನೋಡಿ ಎಚ್‌ಟಿಆ್ಯಕ್ಸೆಸ್ ಫೈಲ್‌ಗೆ (ಸರ್ವರ್ ರೂಲ್‌ಗಳಿರೋ ಫೈಲು) ಲೈನ್ ಸೇರ್ಸಿದ್ದು, ಇವೆಲ್ಲ ಆಮೇಲಿಂದು. ದಯವಿಟ್ಟು ಇನ್ನೇನೂ ಸೇರ್ಸ್ಬೇಡಿ, ಸೇರ್ಸಿದ್ದನ್ನ ವಾಪಸ್ ತೆಗೀರಿ, ಇಲ್ದಿದ್ರೆ ಒಂದು ಗಂಟಿನ ಮೇಲೆ ಇನ್ನೊಂದು ಗಂಟು ಬಿದ್ದು ಯಾವುದನ್ನ ಬಿಚ್ಚೋದು ಅಂತಾನೇ ಗೊತ್ತಾಗಲ್ಲ.

ಕುಕೀಸ್ ಡಿಲೀಟ್ ಮಾಡಿ ಅಂತ ಕ್ರೋಮೇ ಆ ಎರರ್ ಪೇಜಲ್ಲಿ ಹೇಳುತ್ತೆ, ಅದಕ್ಕೆ ಎಲ್ರೂ ಅದನ್ನೇ ಮಾಡ್ತಾರೆ. ಲಾಗಿನ್ ಆದಾಗ ಮಾತ್ರ ಲೂಪ್ ಆಗ್ತಿದ್ರೆ ಅದು ಸರಿ. ಸೈಟ್‌ಗೆ ಬರೋ ಎಲ್ರಿಗೂ ಆಗ್ತಿದೆ ಅಂದ್ರೆ ಕುಕೀಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಮೊದ್ಲು ತಿಳ್ಕೋಬೇಕಾಗಿರೋದು ಯಾರು ಕಳಿಸ್ತಿದಾರೆ, ಎಲ್ಲಿಗೆ ಕಳಿಸ್ತಿದಾರೆ ಅನ್ನೋದು. ವಿಂಡೋಸ್‌ನಲ್ಲಿ ಕಮ್ಯಾಂಡ್ ಪ್ರಾಂಪ್ಟ್ ತೆಗ್ದು (ಪವರ್‌ಶೆಲ್ ಬೇಡ, ಹಳೇದ್ರಲ್ಲಿ ಕರ್ಲ್ ಅಂದ್ರೆ ಬೇರೆ ಏನೋ ಓಡುತ್ತೆ) ಸರ್ವರ್ ಏನನ್ನುತ್ತೆ ಅಂತ ನೋಡೋಕೆ ಕರ್ಲ್, ಸ್ಪೇಸ್, ಹೈಫನ್, ಕ್ಯಾಪಿಟಲ್ ಐ, ಸ್ಪೇಸ್, ಆಮೇಲೆ ಎಚ್‌ಟಿಟಿಪಿಎಸ್ ಸೇರಿಸಿ ನಿಮ್ಮ ಸೈಟ್ ಅಡ್ರೆಸ್ ಹೊಡೀರಿ. ಮೇಲ್ಗಡೆ 301 ಅಥವಾ 302 (ಬೇರೆ ಅಡ್ರೆಸ್‌ಗೆ ಹೋಗಿ ಅನ್ನೋ ಕೋಡು, 301 ಶಾಶ್ವತ, 302 ತಾತ್ಕಾಲಿಕ) ಅಂತ ಬರುತ್ತೆ, ಕೆಳಗೆ 'ಲೊಕೇಶನ್' ಅಂತ ಒಂದು ಲೈನ್ ಇರುತ್ತೆ. ಅಲ್ಲಿರೋ ಅಡ್ರೆಸ್ಸು ನೀವು ಈಗ ತಾನೆ ಕೇಳಿದ ಅಡ್ರೆಸ್ಸೇ ಆಗಿದ್ರೆ ಎಚ್‌ಟಿಟಿಪಿಎಸ್ ಗಲಾಟೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರೋದು ಇಲ್ದೇ ಇರೋದು ಒಂದಕ್ಕೊಂದು ಕಳಿಸ್ಕೊಳ್ತಿದ್ರೆ ಅದು ಬೇರೆ ಕಥೆ, ಎಚ್‌ಟಿಆ್ಯಕ್ಸೆಸ್ ಒಂದು ಹೇಳ್ತಿದೆ, ವರ್ಡ್‌ಪ್ರೆಸ್‌ನ ಸೈಟ್ ಅಡ್ರೆಸ್ ಸೆಟ್ಟಿಂಗ್ ಇನ್ನೊಂದು ಹೇಳ್ತಿದೆ, ಎರಡನ್ನೂ ಒಂದೇ ಮಾಡಿದ್ರೆ ಮುಗೀತು. ಅದೇ ಔಟ್‌ಪುಟ್‌ನಲ್ಲಿ 'ಎಕ್ಸ್-ರೀಡೈರೆಕ್ಟ್-ಬೈ: ವರ್ಡ್‌ಪ್ರೆಸ್' ಅಂತ ಕಂಡ್ರೆ ಕಳಿಸ್ತಿರೋದು ವರ್ಡ್‌ಪ್ರೆಸ್ಸೇ, 2019ರ 5.1 ವರ್ಷನ್‌ನಿಂದ ಅದು ತನ್ನ ಹೆಸ್ರು ತಾನೇ ಹೇಳ್ಕೊಳ್ಳುತ್ತೆ. ಅದಿಲ್ಲ ಅಂದ್ರೆ ಎಚ್‌ಟಿಆ್ಯಕ್ಸೆಸ್ ಮೇಲೋ ಕ್ಲೌಡ್‌ಫ್ಲೇರ್ ರೂಲ್ ಮೇಲೋ ಡೌಟು ಪಡ್ಬೇಕು.

ನಾನು ಮೈಸೂರಲ್ಲಿ ಹೋಂಸ್ಟೇ, ಸೀರೆ ಅಂಗಡಿ ಥರದವರ ಸಣ್ಣ ಸೈಟ್‌ಗಳನ್ನ ನೋಡ್ಕೊಳ್ತೀನಿ, ನೀವು ಹೇಳಿದ ಲಕ್ಷಣ ನೋಡಿದ್ರೆ ನಿಮ್ಮದು ಕ್ಲೌಡ್‌ಫ್ಲೇರ್‌ನ 'ಫ್ಲೆಕ್ಸಿಬಲ್' ಮೋಡ್ ಅನ್ಸುತ್ತೆ. ಅದ್ರಲ್ಲಿ ಏನಾಗುತ್ತೆ ಅಂದ್ರೆ, ಬ್ರೌಸರ್‌ನಿಂದ ಕ್ಲೌಡ್‌ಫ್ಲೇರ್‌ವರೆಗೆ ಎಚ್‌ಟಿಟಿಪಿಎಸ್, ಅಲ್ಲಿಂದ ನಿಮ್ಮ ಹೋಸ್ಟಿಂಗ್‌ಗೆ ಬರಿ ಎಚ್‌ಟಿಟಿಪಿ, ಅಂದ್ರೆ ಗೂಢಲಿಪಿ ಇಲ್ಲದ್ದು. ನಿಮ್ಮ ಸರ್ವರ್‌ಗೆ ಬರೋ ರಿಕ್ವೆಸ್ಟ್ ಯಾವಾಗ್ಲೂ ಎಚ್‌ಟಿಟಿಪಿ ಆಗೇ ಕಾಣುತ್ತೆ, ಅದು ಪಾಪ ರೂಲ್ ಪ್ರಕಾರ 'ಎಚ್‌ಟಿಟಿಪಿಎಸ್‌ಗೆ ಹೋಗಿ' ಅನ್ನುತ್ತೆ, ಬ್ರೌಸರ್ ಮತ್ತೆ ಎಚ್‌ಟಿಟಿಪಿಎಸ್‌ನಲ್ಲೇ ಬರುತ್ತೆ, ಕ್ಲೌಡ್‌ಫ್ಲೇರ್ ಮತ್ತೆ ಎಚ್‌ಟಿಟಿಪಿ ಮಾಡಿ ಒಳಗೆ ಬಿಡುತ್ತೆ. ದೊಡ್ಡ ಗಡಿಯಾರದ ಹತ್ರ ನಿಂತೋನು ಕೆ.ಆರ್. ಸರ್ಕಲ್‌ಗೆ ಹೋಗಿ ಕೇಳಿ ಅಂತಾನೆ, ಕೆ.ಆರ್. ಸರ್ಕಲ್‌ನಲ್ಲಿ ನಿಂತೋನು ದೊಡ್ಡ ಗಡಿಯಾರದ ಹತ್ರ ಕೇಳಿ ಅಂತಾನೆ, ಇಬ್ರೂ ಸುಳ್ಳು ಹೇಳ್ತಿಲ್ಲ, ಆದ್ರೆ ನೀವು ಮಾತ್ರ ಊರು ಸೇರಲ್ಲ. ಕ್ರೋಮ್ 20 ಸಲ ತಿರುಗಿ ಕೈ ಬಿಡುತ್ತೆ, ಆಗ ಬರೋದೇ ಆ ಎರರ್ರು.

ಸರಿ ಮಾಡೋದು ಹೀಗೆ. ಹೋಸ್ಟಿಂಗ್‌ನ ಸಿಪ್ಯಾನೆಲ್‌ನಲ್ಲಿ (ಹೋಸ್ಟಿಂಗ್ ಸೆಟ್ಟಿಂಗ್‌ಗಳ ಪೇಜು) ನಿಮ್ಮ ಡೊಮೇನ್‌ಗೆ ನಿಜವಾದ ಸರ್ಟಿಫಿಕೇಟ್ ಇದ್ಯಾ ನೋಡಿ, ಇಲ್ದಿದ್ರೆ ಲೆಟ್ಸ್ ಎನ್‌ಕ್ರಿಪ್ಟ್‌ದು ಫ್ರೀಯಾಗಿ ಸಿಗುತ್ತೆ, ಹಾಕಿಸ್ಕೊಳ್ಳಿ. ಅದಾದ್ಮೇಲೆ ಕ್ಲೌಡ್‌ಫ್ಲೇರ್‌ನಲ್ಲಿ ಎಸ್‌ಎಸ್‌ಎಲ್ ಮೋಡನ್ನ 'ಫುಲ್ ಸ್ಟ್ರಿಕ್ಟ್'ಗೆ ಬದ್ಲಾಯಿಸಿ. ಈ ಆರ್ಡರ್ ತಪ್ಪಿಸ್ಬೇಡಿ, ಸರ್ಟಿಫಿಕೇಟ್ ಇಲ್ದೇ ಮೋಡ್ ಬದ್ಲಾಯಿಸಿದ್ರೆ ಲೂಪ್ ಹೋಗಿ 525 ಅಥವಾ 526 ಎರರ್ ಬರುತ್ತೆ, ಆಮೇಲೆ ಇದೂ ಕೆಲ್ಸ ಮಾಡ್ಲಿಲ್ಲ ಅಂತೀರ. ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರ್ (ಬ್ರೌಸರ್ ಯಾವುದ್ರಲ್ಲಿ ಬಂತು ಅಂತ ಕ್ಲೌಡ್‌ಫ್ಲೇರ್ ಸರ್ವರ್‌ಗೆ ಕಳಿಸೋ ಚೀಟಿ) ನೋಡಿ ಎಚ್‌ಟಿಟಿಪಿಎಸ್ ಅಂತ ನಂಬೋ ಹಾಗೆ ವರ್ಡ್‌ಪ್ರೆಸ್ ಕಾನ್ಫಿಗ್ ಫೈಲಲ್ಲಿ ಎರಡು ಲೈನ್ ಹಾಕಿ ಫ್ಲೆಕ್ಸಿಬಲ್‌ನಲ್ಲೇ ಓಡಿಸೋರೂ ಇದಾರೆ. ಓಡುತ್ತೆ, ಆದ್ರೆ ನಂಗೆ ಅದು ಸುತರಾಂ ಇಷ್ಟ ಇಲ್ಲ, ನಿಮ್ಮ ಗಿರಾಕಿಗಳ ಫೋನ್ ನಂಬರು ಅಡ್ರೆಸ್ಸು ಅರ್ಧ ದಾರಿ ಬಟಾಬಯಲಲ್ಲಿ ಹೋಗುತ್ತೆ, ಬ್ರೌಸರ್‌ನಲ್ಲಿ ಮಾತ್ರ ಎಲ್ಲಾ ಭದ್ರ ಅಂತ ತೋರ್ಸುತ್ತೆ.

ಬದ್ಲಾಯಿಸಿದ್ಮೇಲೆ ನೋಡೋದು ಇನ್‌ಕಾಗ್ನಿಟೋ ವಿಂಡೋದಲ್ಲೇ. 301 ಅಂದ್ರೆ ಶಾಶ್ವತ ಅಂತ ಬ್ರೌಸರ್ ನೆನಪಿಟ್ಕೊಳ್ಳುತ್ತೆ, ನೀವು ಸರಿ ಮಾಡಿದ್ರೂ ಅದು ಹಳೇ ದಾರೀಲೇ ಹೋಗ್ಬಹುದು. ಮುಂದೆ ಏನಾದ್ರೂ ರೀಡೈರೆಕ್ಟ್ ಪರೀಕ್ಷೆ ಮಾಡೋವಾಗ 302 ಹಾಕಿ ನೋಡಿ, ಸರಿ ಅಂತ ಖಾತ್ರಿ ಆದ್ಮೇಲೆ 301.

ಇನ್ನು ಕೊನೇಲಿ ಕೇಳಿದೀರಲ್ಲ, ಪ್ರಾಡಕ್ಟ್ ಲಿಂಕ್‌ಗಳ ಹೆಸ್ರು ಬದ್ಲಾಯಿಸಿದೀನಿ, ಹಳೇವು ವಾಟ್ಸಾಪ್‌ನಲ್ಲಿ ಗಿರಾಕಿಗಳ ಹತ್ರ ಇವೆ, ಎಲ್ಲಾನೂ ಹೋಮ್ ಪೇಜ್‌ಗೆ ಕಳಿಸ್ಬಿಡ್ಲಾ ಅಂತ. ಬೇಡ. ಅಚ್ಚು ಬೆಲ್ಲದ ಲಿಂಕ್ ಒತ್ತಿದೋರು ಅಚ್ಚು ಬೆಲ್ಲದ ಹೊಸ ಪೇಜ್‌ಗೇ ಹೋಗ್ಬೇಕು, ಎಲ್ಲಾ ಒಟ್ಟಿಗೆ ಹೋಮ್ ಪೇಜ್‌ಗೆ ತಿರುಗಿಸಿದ್ರೆ ಗೂಗಲ್ ಅದನ್ನ ಇಲ್ಲದ ಪೇಜ್ ಅಂತಾನೇ ಲೆಕ್ಕ ಹಾಕ್ಬಹುದು, ಬಂದ ಗಿರಾಕಿನೂ ಹುಡುಕೋಕೆ ಬೇಜಾರಾಗಿ ವಾಪಸ್ ಹೋಗ್ತಾರೆ. ಒಂದು ಎಕ್ಸೆಲ್ ಶೀಟ್‌ನಲ್ಲಿ ಹಳೇದು ಹೊಸದು ಎದುರುಬದುರು ಬರ್ಕೊಂಡು ಒಂದಕ್ಕೊಂದು 301 ಹಾಕಿ. ಹಳೇದರಿಂದ ನೇರ ಹೊಸದಕ್ಕೆ ಹೋಗ್ಲಿ, ಮಧ್ಯದಲ್ಲಿ ಇನ್ನೆರಡು ಕಡೆ ಇಳಿದು ಹತ್ತೋದು ಬೇಡ. ಕನಿಷ್ಠ 1 ವರ್ಷ ಇಡಿ ಅಂತ ಗೂಗಲ್ ಹೇಳುತ್ತೆ, ವಾಟ್ಸಾಪ್ ಲಿಂಕ್ ಆಗಿರೋದ್ರಿಂದ ನೀವು ತೆಗೆಯೋಕೇ ಹೋಗ್ಬೇಡಿ.