ಇದರಾಗ ನಮ್ಮೂರು ಯಾವಾಗ ಬರತೈತಿ?

ತಂಗಿ, ನಮಸ್ಕಾರ.

ಸಿನಿಮಾಗಳ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ಬರಹ ಕೈ ಸೇರಿ ಹನ್ನೆರಡು ದಿನವಾಯಿತು. ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಮೂರನೇ ಪುಟದಲ್ಲಿ ಒಂದು ಸಾಲಿದೆ. ಅದನ್ನು ಓದಿದ ಮೇಲೆ ಬರೀ 'ಬೇಡ' ಅಂತ ಬರೆದು ಕಳಿಸಲು ಮನಸ್ಸಾಗಲಿಲ್ಲ.

ನಿಮ್ಮ ವಯಸ್ಸಿನಲ್ಲಿ ನಾನೂ ಒಂದು ಪತ್ರಿಕೆಗೆ ಬರಹ ಕಳಿಸಿದ್ದೆ. ಒಂದು ವರ್ಷ ಕಾದೆ. ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ. ದಿನಾ ಅಂಚೆಯವನ ದಾರಿ ನೋಡಿದ್ದು ಇನ್ನೂ ನೆನಪಿದೆ. ಅದಕ್ಕೇ ಇಲ್ಲಿ ವಿಜಯಪುರದಲ್ಲಿ ಕೂತು, ತಡವಾದರೂ ಸರಿ, ಬಂದ ಬರಹಕ್ಕೆಲ್ಲ ಉತ್ತರ ಬರೆಯುತ್ತೇನೆ.

'ನಾನು ನೋಡಿದ್ದು, ನನಗನಿಸಿದ್ದು' ಅಂತ ತಲೆಬರಹ ಕೊಟ್ಟಿದ್ದೀರಿ. ನಾಲ್ಕು ಪುಟದಲ್ಲಿ ಐದು ಚಿತ್ರಗಳು. ಭಾಕ್ರಾ ನಂಗಲ್ ಅಣೆಕಟ್ಟಿನ ಬಗ್ಗೆ ಸರ್ಕಾರದ ಫಿಲ್ಮ್ಸ್ ಡಿವಿಷನ್ ತೆಗೆದ ಹಳೆಯ ಸಾಕ್ಷ್ಯಚಿತ್ರ, 'ನಾನೂಕ್ ಆಫ್ ದಿ ನಾರ್ತ್', 'ದಿ ಎಲಿಫೆಂಟ್ ವಿಸ್ಪರರ್ಸ್', 'ಪೋಚರ್' ಸರಣಿ, ಆಮೇಲೆ 'ಗಂಧದ ಗುಡಿ'. ನೋಡಿದ್ದು ಬಹಳ ಇದೆ. ಅನಿಸಿದ್ದು ಎಲ್ಲಿದೆ ಅಂತ ಹುಡುಕಬೇಕಾಯಿತು.

'ಮನೋಜ್ಞ ಛಾಯಾಗ್ರಹಣ', 'ಹಿತವಾದ ಹಿನ್ನೆಲೆ ಸಂಗೀತ', 'ನೋಡಲೇಬೇಕಾದ ಚಿತ್ರ', ಇಂಥ ಮಾತು ಒಂಬತ್ತು ಕಡೆ ಬಂದಿವೆ. 'ಎಲಿಫೆಂಟ್ ವಿಸ್ಪರರ್ಸ್' ಅನ್ನುವ ಆನೆಯ ಚಿತ್ರಕ್ಕೆ ಬರೆದ ಒಂದು ಪ್ಯಾರಾವನ್ನು ಹೆಸರು ಮುಚ್ಚಿ ನಮ್ಮ ಕಚೇರಿಯ ಹುಡುಗಿಗೆ ಓದಲು ಕೊಟ್ಟೆ. ಇದು 'ಗಂಧದ ಗುಡಿ' ಬಗ್ಗೆ ಅಲ್ವಾ ಅಂದಳು. ಅವಳ ತಪ್ಪಿಲ್ಲ. ಆ ಪ್ಯಾರಾದಲ್ಲಿ ಆನೆಯೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಬರೀ ಹೊಗಳಿಕೆ ಇತ್ತು. ಆ ಒಂಬತ್ತೂ ಕಡೆ ಗೆರೆ ಎಳೆದು ವಾಪಸ್ ಕಳಿಸುತ್ತಿದ್ದೇನೆ.

ಅದೇ ಆನೆಯ ಚಿತ್ರದ ಬಗ್ಗೆ ಇನ್ನೊಂದು ಮಾತು. ಅದು ನಮ್ಮ ರಾಜ್ಯದ ಕಾಡಿನಲ್ಲಿ ನಡೆಯುತ್ತದೆ ಅಂತ ಬರೆದಿದ್ದೀರಿ. ಅಲ್ಲ. ಅದು ತಮಿಳುನಾಡಿನ ಮುದುಮಲೈ, ಅಲ್ಲಿನ ತೆಪ್ಪಕಾಡು ಆನೆ ಶಿಬಿರ. ಆನೆ ಸಾಕುವ ಬೊಮ್ಮನ್ ಮತ್ತು ಬೆಳ್ಳಿ ಕಾಟ್ಟುನಾಯಕನ್ ಸಮುದಾಯದವರು. ಇನ್ನು ಅವರು ಸಾಕಿದ ಆನೆಮರಿ ರಘು ಕೊನೆಯವರೆಗೂ ಅವರ ಜೊತೆಯಲ್ಲೇ ಇರುತ್ತಾನೆ ಅಂತ ಬರೆದಿದ್ದೀರಿ. ಇದು ನನಗೆ ನಿಜಕ್ಕೂ ಬೇಜಾರಾಯಿತು. ರಘುವನ್ನು ಅವರ ಕೈಯಿಂದ ತೆಗೆದು ಬೇರೆ ಮಾವುತರಿಗೆ ಒಪ್ಪಿಸುತ್ತಾರೆ. ಚಿತ್ರದ ಜೀವವೇ ಆ ಅಗಲಿಕೆಯಲ್ಲಿದೆ. ಮಕ್ಕಳ ಹಾಗೆ ಸಾಕಿದ ಆನೆ ಮತ್ತೊಬ್ಬರ ಹಿಂದೆ ನಡೆದು ಹೋಗುವುದನ್ನು ನೋಡಿದವರು ಮರೆಯುತ್ತಾರಾ? ನೀವು ಚಿತ್ರ ನೋಡುತ್ತಾ ಎದ್ದು ಹೋಗಿದ್ದಿರೋ, ಕೈಯಲ್ಲಿ ಬೇರೆ ಕೆಲಸ ಇತ್ತೋ ಗೊತ್ತಿಲ್ಲ. ನಲವತ್ತೇ ನಿಮಿಷದ ಚಿತ್ರ. 2023ರಲ್ಲಿ ಆಸ್ಕರ್ ಬಂತು ಅನ್ನುವುದನ್ನು ಎರಡು ಸಲ ಬರೆದಿದ್ದೀರಿ. ಪ್ರಶಸ್ತಿ ನೆನಪಿದೆ, ರಘು ನೆನಪಿಲ್ಲ.

'ಪೋಚರ್' ಬಗ್ಗೆ 'ತುಂಬಾ ನಿಧಾನ' ಅಂತೀರಿ. ಅದೇ ಪ್ಯಾರಾದಲ್ಲಿ ಎಂಟು ಕಂತುಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಎರಡು ರಾತ್ರಿಗೆ ಮುಗಿಸಿದೆ ಅಂತಲೂ ಹೇಳಿದ್ದೀರಿ. ಅದು ನ್ಯಾಯವಲ್ಲ. ಕೇರಳದ ಆನೆದಂತದ ಬೇಟೆಗಾರರ ಬೆನ್ನು ಹತ್ತಿದ ಅಧಿಕಾರಿಗಳ ಕಥೆ ಅದು. ತನಿಖೆ ಅಂದರೆ ಕಾಯುವುದೇ ಜಾಸ್ತಿ. ನಿರ್ದೇಶಕ ರಿಚಿ ಮೆಹ್ತಾ ಆ ಕಾಯುವಿಕೆಯನ್ನು ಬೇಕಂತಲೇ ಇಟ್ಟಿದ್ದಾರೆ. ಆದರೆ ನಿಮ್ಮ ಒಂದು ಗಮನ ಚೆನ್ನಾಗಿದೆ. ಮನುಷ್ಯರು ಮಾತಾಡುವಾಗ ಪರದೆಯ ಅಂಚಿನಲ್ಲಿ ಯಾವುದಾದರೂ ಪ್ರಾಣಿಯೋ ಹಕ್ಕಿಯೋ ಇರುತ್ತದೆ ಅಂದಿರಿ. ಅಷ್ಟು ವೇಗದಲ್ಲಿ ಓಡಿಸಿಯೂ ಅದು ನಿಮ್ಮ ಕಣ್ಣಿಗೆ ಬಿತ್ತಲ್ಲ, ಹಾಗಾದರೆ ನಿಮಗೆ ನೋಡುವ ಕಣ್ಣಿದೆ. ಆ ಒಂದು ಸಾಲು ಇರಲಿ, ಉಳಿದದ್ದು ಬೇಡ.

'ಗಂಧದ ಗುಡಿ'ಗೆ ಮೂರು ಸಲ ಕಣ್ಣು ತುಂಬಿ ಬಂದಿದೆ. ನಮಗೂ ಬಂದಿತ್ತು. 2021ರ ಅಕ್ಟೋಬರ್ 29ರಂದು ಅಪ್ಪು ಹೋದರು. ಚಿತ್ರ ಬಂದದ್ದು 2022ರ ಅಕ್ಟೋಬರ್ 28ಕ್ಕೆ. ಥಿಯೇಟರಿಗೆ ಹೋದವರು ಅಳಲು ತಯಾರಾಗಿಯೇ ಹೋಗಿದ್ದರು. ಹಾಗಿರುವಾಗ 'ಅತ್ತೆ' ಅಂತ ಬರೆದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ಅಲ್ಲಿ ಅವರು ಪಾತ್ರ ಮಾಡಿಲ್ಲ. ಅವರು ಅವರಾಗಿಯೇ ಕಾಡಿನಲ್ಲಿ ನಡೆಯುತ್ತಾರೆ. ಅವರು ಏನು ಮಾಡುತ್ತಿದ್ದಾಗ ನಿಮ್ಮ ಗಂಟಲು ಕಟ್ಟಿತು? ನಗುವಾಗಲೋ, ಸುಮ್ನೆ ನಿಂತಾಗಲೋ? ಅಷ್ಟು ಹೇಳಿದ್ದರೆ ಸಾಕಿತ್ತು.

'ಸಾಕ್ಷ್ಯಚಿತ್ರದಲ್ಲಿ ನಟನೆ ಇರುವುದಿಲ್ಲ, ಇದ್ದದ್ದು ಇದ್ದ ಹಾಗೆ ಇರುತ್ತದೆ' ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ನೀವು ಕೊಟ್ಟ ಉದಾಹರಣೆಯೇ 'ನಾನೂಕ್'. ರಾಬರ್ಟ್ ಫ್ಲಾಹರ್ಟಿ ಕೆನಡಾದ ಉತ್ತರದ ಹಿಮದಲ್ಲಿ ತೆಗೆದ ಚಿತ್ರ, 1922ರದು. ಅದರಲ್ಲಿ ಮನೆಯವರು ಮಲಗುವ ಹಿಮದ ಗುಡಿಸಲಿಗೆ ಒಂದು ಬದಿ ಇರಲೇ ಇಲ್ಲ. ಒಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದು ಅಂತ ಅರ್ಧ ಗುಡಿಸಲು ಕಟ್ಟಿಸಿದ್ದರು. ಚಿತ್ರದ ಮುಖ್ಯ ಬೇಟೆಗಾರನ ನಿಜವಾದ ಹೆಸರು ನಾನೂಕ್ ಅಲ್ಲ. ಅವನ ಜನ ಆಗಲೇ ಬಂದೂಕು ಬಳಸುತ್ತಿದ್ದರು. ಚಿತ್ರಕ್ಕಾಗಿ ಅಜ್ಜಂದಿರ ಕಾಲದ ಈಟಿ ಹಿಡಿಸಿದರು. ಇಷ್ಟೆಲ್ಲ ಗೊತ್ತಾದ ಮೇಲೂ ನನಗೆ ಆ ಚಿತ್ರ ಇಷ್ಟ. ಅವರು ನಡುಗುವ ಚಳಿ ನಿಜ, ಹಸಿವು ನಿಜ. ಆದರೆ ಇದನ್ನು ತಿಳಿದು ನೋಡುವುದೇ ಬೇರೆ. ಯಾವ ಚಿತ್ರ ನೋಡಿದರೂ ಕ್ಯಾಮೆರಾ ಯಾರ ಕೈಯಲ್ಲಿತ್ತು, ಖರ್ಚು ಯಾರು ಕೊಟ್ಟರು, ಯಾರನ್ನು ಆಚೆ ಬಿಟ್ಟರು ಅಂತ ಕೇಳಿಕೊಳ್ಳಿ.

ಈಗ ಮೂರನೇ ಪುಟ.

ಭಾಕ್ರಾ ಚಿತ್ರಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ಸಟ್ಲೆಜ್ ನದಿ, ಸುಮಾರು 226 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ, 1963ರ ಅಕ್ಟೋಬರ್ 22ರಂದು ನೆಹರೂ ಅದನ್ನು ದೇಶಕ್ಕೆ ಅರ್ಪಿಸಿದ್ದು, ಅಣೆಕಟ್ಟುಗಳನ್ನು ಹೊಸ ಕಾಲದ ಗುಡಿಗಳು ಅಂದದ್ದು. ಎಲ್ಲ ಸರಿಯಿದೆ. ಅದರ ನಡುವೆ ಹೀಗೊಂದು ಸಾಲು: 'ನನ್ನ ಪಕ್ಕದಲ್ಲಿ ಕುಳಿತಿದ್ದ ಆಯಿ, ಇದರಲ್ಲಿ ನಮ್ಮ ಊರು ಯಾವಾಗ ಬರುತ್ತದೆ ಎಂದು ಕೇಳಿದರು. ಇದು ಪಂಜಾಬಿನ ಕಡೆಯ ಅಣೆಕಟ್ಟು ಎಂದು ತಿಳಿಸಿದೆ.' ಮುಂದಿನ ಸಾಲಿಗೆ ವಿದ್ಯುತ್ ಉತ್ಪಾದನೆಗೆ ಹೋಗಿಬಿಟ್ಟಿದ್ದೀರಿ.

ನಾನು ಓದುವುದನ್ನು ಅಲ್ಲೇ ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ.

ನೀವು ನವನಗರದವರು, ಮುಳುಗಡೆಯಾದವರಿಗೆ ಕಟ್ಟಿದ ಹೊಸ ಬಾಗಲಕೋಟೆಯವರು. ಆಯಿ, ಅಂದರೆ ನಿಮ್ಮ ಅಜ್ಜಿ, ಹಳೇ ಬಾಗಲಕೋಟೆಯವರಿರಬೇಕು, ಇಲ್ಲವೇ ಹಿನ್ನೀರಿಗೆ ಹೋದ ಯಾವುದೋ ಹಳ್ಳಿಯವರು. ನೀವು ಬರೆದಿಲ್ಲ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ಕ್ಕೆ. ಭಾಕ್ರಾ ಅರ್ಪಿಸಿದ ದಿನದಿಂದ ಎಣಿಸಿದರೆ ಸರಿಯಾಗಿ ಏಳು ತಿಂಗಳು. ಅಲ್ಲಿ ಕೆಲಸ ಮುಗಿಯಿತು, ಇಲ್ಲಿ ಶುರುವಾಯಿತು. ಗೋಡೆ ನಮ್ಮ ಜಿಲ್ಲೆಯಲ್ಲಿ ಎದ್ದಿತು, ನೀರು ಘಟಪ್ರಭೆಯ ಗುಂಟ ಹಿಂದಕ್ಕೆ ಬಂದು ನಿಮ್ಮ ಓಣಿಗಳನ್ನು ಹಿಡಿಯಿತು. ಮುಳುಗಡೆ, ಪರಿಹಾರ, ಪುನರ್ವಸತಿ ಕೇಂದ್ರ, ಈ ಮಾತುಗಳನ್ನು ನೀವು ಚಿಕ್ಕವರಿದ್ದಾಗಿನಿಂದ ಕೇಳಿಯೇ ಬೆಳೆದಿರಬೇಕು. ಈಗಲೂ 519.6 ಮೀಟರ್ ಇರುವ ಜಲಾಶಯದ ನೀರಿನ ಮಟ್ಟವನ್ನು 524.256ಕ್ಕೆ ಏರಿಸುವ ಮಾತು ನಡೆದೇ ಇದೆ. ಇಷ್ಟನ್ನೆಲ್ಲ ಮೈಮೇಲೆ ಹೊತ್ತ ಹೆಣ್ಣುಮಗಳು ಮೊಮ್ಮಗಳ ಮೊಬೈಲಿನಲ್ಲಿ ಅಣೆಕಟ್ಟು ನೋಡಿದರು. ಊರು ಎಲ್ಲಿ ಅಂತ ಕೇಳಿದರು. ಯಾವ ಅಣೆಕಟ್ಟು ಅನ್ನುವುದು ಅವರಿಗೆ ಮುಖ್ಯವೇ ಆಗಲಿಲ್ಲ.

ಮತ್ತೆ, ಅವರ ಪ್ರಶ್ನೆ ತಪ್ಪೂ ಅಲ್ಲ. ಭಾಕ್ರಾದ ಹಿಂದೆಯೂ ಒಂದು ಊರಿತ್ತು. ಬಿಲಾಸಪುರ. ಈಗ ಹಿಮಾಚಲ ಪ್ರದೇಶದಲ್ಲಿದೆ. ಹಿಂದೆ ಅದೊಂದು ಸಂಸ್ಥಾನದ ರಾಜಧಾನಿ, ಕಲ್ಲಿನ ಗುಡಿಗಳ ಊರು. ಭಾಕ್ರಾದ ಜಲಾಶಯ ಗೋವಿಂದ ಸಾಗರ ತುಂಬಿದಾಗ ಆ ಊರು ಮುಳುಗಿತು. ಮೇಲಿನ ಗುಡ್ಡದಲ್ಲಿ ಹೊಸ ಬಿಲಾಸಪುರ ಎದ್ದಿತು. ಇವತ್ತಿಗೂ ನೀರಿಳಿದಾಗ ಹಳೆಯ ಗುಡಿಗಳ ಶಿಖರಗಳು ಕೆಸರಿನಿಂದ ಮೇಲೆ ಕಾಣುತ್ತವೆ. ನವನಗರದಲ್ಲಿ ಇರುವವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಯಿ ಕೇಳಿದ ಊರು ಆ ನೀರಿನ ಕೆಳಗೂ ಇತ್ತು, ತಂಗಿ. ನೀವು ನೋಡಿದ ಚಿತ್ರದಲ್ಲಿ ಬಿಲಾಸಪುರ ಬರುತ್ತದೋ ಇಲ್ಲವೋ, ಬಂದರೆ ಎಷ್ಟು ಹೊತ್ತು, ಯಾರ ಬಾಯಲ್ಲಿ, ಅದನ್ನು ಮತ್ತೊಮ್ಮೆ ಕೂತು ನೋಡಿ ಬರೆಯಿರಿ. ಗಡಿಯಾರ ಹಿಡಿದು ನೋಡಿದರೂ ತಪ್ಪಿಲ್ಲ.

ಈ ಚಿತ್ರಗಳನ್ನು ಆ ಕಾಲದ ಜನ ಹೇಗೆ ನೋಡಿದರು ಅನ್ನುವುದೂ ನಿಮಗೆ ಗೊತ್ತಿದ್ದರೆ ಒಳ್ಳೆಯದು. ಫಿಲ್ಮ್ಸ್ ಡಿವಿಷನ್ ಶುರುವಾದದ್ದು 1948ರಲ್ಲಿ. ದೊಡ್ಡ ಸಿನಿಮಾಕ್ಕೆ ಮೊದಲು ಸರ್ಕಾರ ಒಪ್ಪಿದ ಇಂಥ ಕಿರುಚಿತ್ರವನ್ನೋ ವಾರ್ತಾಚಿತ್ರವನ್ನೋ ತೋರಿಸಲೇಬೇಕಿತ್ತು. ಥಿಯೇಟರ್ ಲೈಸೆನ್ಸಿನ ಷರತ್ತೇ ಅದು. ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ದೊಡ್ಡವರು ಹೊರಗೆ ನಿಂತು, 'ಇನ್ನೂ ಸರಕಾರದ್ದು ನಡದೈತಿ, ಬಾ ಚಾ ಕುಡಿಯೂಣು' ಅನ್ನುತ್ತಿದ್ದರು. ನಾನು ಮರಳಿನ ಮೇಲೆ ಕೂತು ನೋಡುತ್ತಿದ್ದೆ. ಗಂಭೀರ ದನಿಯೊಂದು ಎಲ್ಲವನ್ನೂ ವಿವರಿಸುತ್ತಿತ್ತು. ಪರದೆ ಮೇಲಿನ ಕೂಲಿಗಳು ಮಾತೇ ಆಡುತ್ತಿರಲಿಲ್ಲ. ಅವರು ಯಾಕೆ ಮಾತಾಡುವುದಿಲ್ಲ ಅಂತ ಅಪ್ಪನನ್ನು ಕೇಳಿದ್ದೆ. 2022ರಲ್ಲಿ ಆ ಸಂಸ್ಥೆಯನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಸಿದರು. ಅಂದು ಜನ ಬಿಟ್ಟು ಎದ್ದುಹೋದ ಚಿತ್ರಗಳನ್ನು ಇಂದು ನಿಮ್ಮಂಥವರು ಹುಡುಕಿ ನೋಡುತ್ತಿದ್ದೀರಿ. ಅದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಅಣೆಕಟ್ಟಿನ ಚಿತ್ರವನ್ನು ಬೇರೆ ರೀತಿಯಲ್ಲೂ ತೆಗೆಯಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇಟಲಿಯ ನಿರ್ದೇಶಕ ರೊಸೆಲ್ಲಿನಿ 1959ರಲ್ಲಿ ನಮ್ಮ ದೇಶದ ಮೇಲೆ ಒಂದು ಚಿತ್ರ ತಂದರು. ಅದರ ಒಂದು ಭಾಗ ಒಡಿಶಾದ ಹಿರಾಕುಡ್‌ನಲ್ಲಿ ನಡೆಯುತ್ತದೆ. ಅಣೆಕಟ್ಟಿನ ಕೆಲಸ ಮುಗಿದಿದೆ. ಪೂರ್ವ ಬಂಗಾಳದಿಂದ ನಿರಾಶ್ರಿತನಾಗಿ ಬಂದ ಕೆಲಸಗಾರ ಬೇರೆ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕು. ಹೆಂಡತಿಗೆ ಆ ಜಾಗ ಬಿಡಲು ಮನಸ್ಸಿಲ್ಲ. ಅದು ಪೂರ್ತಿ ಸಾಕ್ಷ್ಯಚಿತ್ರವಲ್ಲ, ಕಥೆ ಬೆರೆತಿದೆ. ಆದರೂ ಅಣೆಕಟ್ಟು ಕಟ್ಟಿದವನಿಗೂ ಒಂದು ಮನೆ ಇತ್ತು ಅಂತ ನನಗೆ ಮೊದಲು ಅನಿಸಿದ್ದು ಅದನ್ನು ನೋಡಿದಾಗ. ಸಿಕ್ಕರೆ ನೋಡಿ. ಆಯಿಗೂ ತೋರಿಸಿ.

ಹೊಸ ಕಾಲದ ಗುಡಿಗಳು ಅನ್ನುವ ನೆಹರೂ ಮಾತು ಬೇಕೇ ಬೇಕು ಅಂದರೆ ಅದರ ಜೊತೆ ಇನ್ನೊಂದನ್ನೂ ಇಡಿ. 1958ರಲ್ಲಿ ನೀರಾವರಿ ಎಂಜಿನಿಯರುಗಳ ಮುಂದೆ ಮಾತಾಡುತ್ತಾ, ದೊಡ್ಡದನ್ನೇ ಕಟ್ಟಬೇಕೆಂಬ ಹುಚ್ಚು ಒಂದು ರೋಗ ಅನ್ನುವ ಅರ್ಥದಲ್ಲಿ ಅವರೇ ಹೇಳಿದ್ದರು. ಎರಡನ್ನೂ ಬಿಟ್ಟರೆ ಇನ್ನೂ ಒಳ್ಳೆಯದು. ಆ ಮಾತು ಶಾಲೆಯ ಪುಸ್ತಕದಲ್ಲೂ ಸಿಗುತ್ತದೆ. ಆಯಿಯ ಮಾತು ನಿಮ್ಮ ಮನೆ ಬಿಟ್ಟರೆ ಬೇರೆ ಎಲ್ಲೂ ಸಿಗುವುದಿಲ್ಲ.

ಆ ಮಾತನ್ನೂ ನೀವು ಇಸ್ತ್ರಿ ಹಾಕಿ ಕೊಟ್ಟಿದ್ದೀರಿ. 'ಇದರಲ್ಲಿ ನಮ್ಮ ಊರು ಯಾವಾಗ ಬರುತ್ತದೆ' ಅಂತ ಬಾಗಲಕೋಟೆಯ ಯಾವ ಆಯಿಯೂ ಕೇಳುವುದಿಲ್ಲ. 'ಇದರಾಗ ನಮ್ಮೂರು ಯಾವಾಗ ಬರತೈತಿ?' ಅಂದಿರುತ್ತಾರೆ, ಅಲ್ವಾ? ಹಾಗೇ ಬರೆಯಿರಿ. ಉಳಿದದ್ದು ನಿಮ್ಮ ಬರವಣಿಗೆಯ ಕನ್ನಡದಲ್ಲೇ ಇರಲಿ. ನಮ್ಮ ಓದುಗರಿಗೆ ಅದು ಮನೆಯ ಮಾತು.

ಹೀಗೆ ಮಾಡಿ. ಐದು ಚಿತ್ರ ಬೇಡ. ಭಾಕ್ರಾ ಒಂದೇ ಸಾಕು. ಬೇಕಾದರೆ ರಘುವಿನ ಅಗಲಿಕೆಯನ್ನು ಜೊತೆಗಿಟ್ಟುಕೊಳ್ಳಿ, ಆದರೆ ಮೊದಲು ಅದನ್ನು ಸರಿಯಾಗಿ ನೋಡಿ. ಆಯಿಗೆ ಬಿಡುವಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಭಾಕ್ರಾ ಚಿತ್ರವನ್ನು ಮೊದಲಿನಿಂದ ಹಾಕಿ. ವೇಗ ಹೆಚ್ಚಿಸಬೇಡಿ. ಮೊಬೈಲ್ ಅವರ ಕೈಗೇ ಕೊಡಿ. ಎಲ್ಲಿ ಅವರು ಹತ್ತಿರ ಹಿಡಿದು ನೋಡುತ್ತಾರೆ, ಎಲ್ಲಿ ಮುಖ ತಿರುಗಿಸುತ್ತಾರೆ, ಎಲ್ಲಿ ಎದ್ದು ಒಲೆ ನೋಡಲು ಹೋಗುತ್ತಾರೆ, ಗುರುತು ಹಾಕಿಕೊಳ್ಳಿ. ಆಮೇಲೆ ನೀರಿನಿಂದ ಮೇಲೆದ್ದ ಬಿಲಾಸಪುರದ ಗುಡಿಗಳ ಫೋಟೊ ತೋರಿಸಿ, ಇವರ ಊರೂ ಹೋಯಿತಂತ ಅಂತ ಹೇಳಿ. ಅವರು ಏನಾದರೂ ಅಂದರೆ ಬರೆಯಿರಿ. ಏನೂ ಅನ್ನದಿದ್ದರೆ ಅದನ್ನೂ ಬರೆಯಿರಿ. ಅವರ ಹಳೆಯ ಮನೆ ಯಾವ ಓಣಿಯಲ್ಲಿತ್ತು, ಬಿಟ್ಟು ಬರುವಾಗ ಏನು ಹೊತ್ತು ತಂದರು, ಕೇಳಿ. ಅವರು ಹೇಳಲು ಒಪ್ಪಿದಷ್ಟೇ ಪತ್ರಿಕೆಗೆ ಬರಲಿ.

ಎರಡೂವರೆ ಪುಟ ಸಾಕು. ಕಾರ ಹುಣ್ಣಿಮೆಯ ಹೊತ್ತಿಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಟೈಪ್ ಮಾಡಬೇಕಂತಿಲ್ಲ, ನಿಮ್ಮ ಕೈಬರಹ ಚೆನ್ನಾಗಿದೆ. ಆಯಿಗೆ ನನ್ನ ನಮಸ್ಕಾರ ತಿಳಿಸಿ.