ಫೈಲ್ ಕಣ್ಣೆದುರಿಗೇ ಇದ್ದರೂ 'ಫೈಲ್ ಇಲ್ಲ' ಅಂತ ಯಾಕೆ ಬರುತ್ತದೆ?

ಲಿನಕ್ಸ್‌ನಲ್ಲಿ ಎಲ್‌ಎಸ್ (ಫೈಲುಗಳ ಪಟ್ಟಿ ತೋರಿಸುವ ಕಮ್ಯಾಂಡ್) ಕೊಟ್ಟರೆ ಫೈಲ್ ಕಾಣುತ್ತದೆ, ಪರ್ಮಿಷನ್ನೂ ಸರಿ ಇದೆ, ರನ್ ಮಾಡಿದರೆ ಮಾತ್ರ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಬರುತ್ತದೆ, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಫೈಲ್ ಎಲ್ಲೂ ಹೋಗಿಲ್ಲ. ಇಲ್ಲದಿರುವುದು ಬೇರೆ ಫೈಲು. ಮೆಸೇಜಿನಲ್ಲಿ ಅದರ ಹೆಸರು ಬರುವುದಿಲ್ಲ, ಅಷ್ಟೇ.

ನನಗೂ ಹೀಗೇ ಆಗಿತ್ತು. ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಕುಯ್ಲಿನ ಸಮಯದಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅಂತ ಲೆಕ್ಕ ಇಡುವ ಹಳೇ ಪ್ರೋಗ್ರಾಂ ಒಂದಿತ್ತು. ಜನವರಿಯಲ್ಲಿ ಕಂಪ್ಯೂಟರ್ ಬದಲಾಯಿಸಿ, ಅದನ್ನು ಕಾಪಿ ಮಾಡಿ ಓಡಿಸಿದರೆ ಇದೇ ಮೆಸೇಜ್. ಕತ್ತಲಾಗುತ್ತಿತ್ತು, ಜನ ಮೂಟೆ ಇಟ್ಟುಕೊಂಡು ಕಾಯುತ್ತಿದ್ದರು. ಅವತ್ತಿನ ತೂಕ ಪುಸ್ತಕದಲ್ಲೇ ಬರೆದುಕೊಂಡು ಕಳಿಸಿ, ರಾತ್ರಿ ಕೂತು ನೋಡಿದೆ.

ಪ್ರೋಗ್ರಾಂ ಓಡಿಸಿ ಅಂದಾಗ ಕರ್ನೆಲ್ (ಲಿನಕ್ಸ್‌ನ ತಿರುಳು) ಮೊದಲು ಫೈಲಿನ ತಲೆ ನೋಡುತ್ತದೆ. ಮೊದಲ 4 ಬೈಟಿನಲ್ಲಿ 7ಎಫ್, ಅದರ ನಂತರ 'ಇ', 'ಎಲ್', 'ಎಫ್' ಅಕ್ಷರ ಇದ್ದರೆ ಅದು ಎಲ್ಫ್ ಫೈಲ್, ಅಂದರೆ ಲಿನಕ್ಸ್ ಪ್ರೋಗ್ರಾಂಗಳ ಸಾಮಾನ್ಯ ರೂಪ. ಡೈನಾಮಿಕ್ ಲಿಂಕ್ ಆದ (ಓಡುವಾಗ ಲೈಬ್ರರಿ ಜೋಡಿಸಿಕೊಳ್ಳುವ) ಪ್ರೋಗ್ರಾಂನೊಳಗೆ ಪ್ರಿಂಟ್‌ಎಫ್ (ಪರದೆ ಮೇಲೆ ಬರೆಯುವ ಫಂಕ್ಷನ್) ತರದ ಕೋಡ್ ಇರುವುದಿಲ್ಲ, ಅದು ಹೊರಗಿನ ಲೈಬ್ರರಿಯಲ್ಲಿ ಇರುತ್ತದೆ. ಅದನ್ನು ಹುಡುಕಿ ಜೋಡಿಸುವ ಕೆಲಸ ಕರ್ನೆಲ್ಲಿನದ್ದಲ್ಲ. ಅದಕ್ಕೆ ಲೋಡರ್ ಅಂತ ಬೇರೆ ಪ್ರೋಗ್ರಾಂ ಇದೆ. ಅದರ ಪಾತ್ ನಿಮ್ಮ ಫೈಲಿನ ಹೆಡರಿನಲ್ಲಿ 'ಇಂಟರ್ಪ್' ಅನ್ನುವ ಕಡೆ ಬರೆದಿರುತ್ತದೆ. ಕರ್ನೆಲ್ ಇಬ್ಬರನ್ನೂ ಮೆಮೊರಿಗೆ ಮ್ಯಾಪ್ ಮಾಡಿ, ಮೊದಲು ಲೋಡರ್ ಕೈಗೇ ಕೆಲಸ ಕೊಡುತ್ತದೆ.

ನಮ್ಮ ತೋಟಗಳಲ್ಲಿ ರೈಟರ್ ಇರುತ್ತಾರಲ್ಲ, ಹಾಗೆ. ಚೆಕ್‌ರೋಲ್ (ಹಾಜರಿ ಪುಸ್ತಕ) ಹಿಡಿದು ಹೆಸರು ಕರೆಯುವುದು, ಯಾರು ಯಾವ ಲೈನ್ ಮನೆಯಲ್ಲಿದ್ದಾರೆ ನೋಡಿ ಕರೆಸುವುದು ಅವರೇ. ರೈಟರೇ ಬರದಿದ್ದರೆ ಹೆಸರು ಕರೆಯುವುದೇ ಶುರುವಾಗುವುದಿಲ್ಲ. ನಿಮಗೆ ಆಗಿರುವುದೂ ಅದೇ. ಇಂಟರ್ಪ್ ಹೇಳಿದ ಜಾಗದಲ್ಲಿ ಲೋಡರ್ ಇಲ್ಲ. ಕರ್ನೆಲ್ 'ಫೈಲ್ ಇಲ್ಲ' ಅಂತ ವಾಪಸ್ ಕೊಡುತ್ತದೆ, ಶೆಲ್ (ನೀವು ಕಮ್ಯಾಂಡ್ ಟೈಪ್ ಮಾಡುವ ಪ್ರೋಗ್ರಾಂ) ಅದಕ್ಕೆ ನಿಮ್ಮ ಪ್ರೋಗ್ರಾಂ ಹೆಸರು ಹಚ್ಚಿ ತೋರಿಸುತ್ತದೆ. ಎಷ್ಟು ಜನ ಇದರಿಂದ ದಿನಗಟ್ಟಲೆ ದಾರಿ ತಪ್ಪಿದ್ದಾರೋ! (ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಪಾತ್ ತಪ್ಪಿದ್ದರೂ ಇದೇ ತರದ ಮೆಸೇಜ್ ಬರುತ್ತದೆ.)

ಎಲ್ಫ್ ಫೈಲಿನ ಹೆಡರ್ ತೋರಿಸುವ 'ರೀಡ್‌ಎಲ್ಫ್ -ಎಲ್' ಕಮ್ಯಾಂಡನ್ನು ನಿಮ್ಮ ಫೈಲಿನ ಹೆಸರಿನ ಜೊತೆ ಕೊಟ್ಟು ನೋಡಿ. ನನ್ನದರಲ್ಲಿ '/ಲಿಬ್/ಎಲ್‌ಡಿ-ಲಿನಕ್ಸ್.ಎಸ್‌ಒ.2' ಅಂತ ಬಂತು. ಅದು 32 ಬಿಟ್ ಲೋಡರ್. ಹೊಸ ಕಂಪ್ಯೂಟರ್ 64 ಬಿಟ್, ಅದರಲ್ಲಿ ಇದ್ದದ್ದು '/ಲಿಬ್64' ಒಳಗಿನ ಲೋಡರ್ ಮಾತ್ರ. ಆಲ್ಪೈನ್ ಅನ್ನುವ ಲಿನಕ್ಸ್‌ನಲ್ಲಿ ಮಸಲ್ ಅನ್ನುವ ಬೇರೆ ಸಿ ಲೈಬ್ರರಿಯ ಲೋಡರ್ ಇರುತ್ತದೆ, ಹಾಗಾಗಿ ಉಬುಂಟುವಿನಲ್ಲಿ ಬಿಲ್ಡ್ ಮಾಡಿದ್ದನ್ನು ಅಲ್ಲಿಗೆ ಒಯ್ದರೂ ಹೀಗೇ ಆಗುತ್ತದೆ.

ಐ386 (32 ಬಿಟ್) ಆರ್ಕಿಟೆಕ್ಚರ್ ಸೇರಿಸಿ, ಲೋಡರ್ ಜೊತೆಗೇ ಬರುವ 32 ಬಿಟ್ ಲಿಬ್‌ಸಿ (ಸಿ ಲೈಬ್ರರಿ) ಹಾಕಿದೆ. ಮೆಸೇಜ್ ಬದಲಾಯಿತು: 'ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್', ಜೊತೆಗೆ ಲಿಬ್‌ಎನ್‌ಕರ್ಸಸ್ ಅನ್ನುವ ಲೈಬ್ರರಿಯ ಹೆಸರು. ನನಗೆ ಸಮಾಧಾನ ಆಯಿತು, ಯಾಕಂದ್ರೆ ಈ ಮಾತು ಲೋಡರಿನದ್ದು. ರೈಟರ್ ಬಂದಿದ್ದಾರೆ, ಹೆಸರು ಕರೆಯುತ್ತಿದ್ದಾರೆ, ಒಬ್ಬರು ಸಿಕ್ಕಿಲ್ಲ. ಲೋಡರ್ 'ನೀಡೆಡ್' ಪಟ್ಟಿಯ (ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳು) ಒಂದೊಂದೇ ಹೆಸರನ್ನು ಎಲ್‌ಡಿ_ಲೈಬ್ರರಿ_ಪಾತ್‌ನಲ್ಲಿ (ನಾವು ಹೊರಗಿಂದ ಕೊಡುವ ಜಾಗಗಳು), ಫೈಲಿನೊಳಗೇ ಬರೆದಿರುವ ರನ್‌ಪಾತ್‌ನಲ್ಲಿ, ಎಲ್‌ಡಿ.ಎಸ್‌ಒ.ಕ್ಯಾಶ್‌ನಲ್ಲಿ (ಮೊದಲೇ ಮಾಡಿಟ್ಟ ಲೈಬ್ರರಿಗಳ ಪಟ್ಟಿ), ಕೊನೆಗೆ ಲಿಬ್ ಡೈರೆಕ್ಟರಿಗಳಲ್ಲಿ ಹುಡುಕುತ್ತದೆ. ಎಲ್ಲ ಸಿಕ್ಕಮೇಲೆ ವಿಳಾಸಗಳನ್ನು ತಿದ್ದಿ, ಪ್ರೋಗ್ರಾಂನ ಎಂಟ್ರಿ ಪಾಯಿಂಟಿಗೆ (ಕೋಡ್ ಶುರುವಾಗುವ ಜಾಗ) ಹಾರುತ್ತದೆ. ನೀವು ಬರೆದ ಮೇನ್ ಫಂಕ್ಷನ್ ಓಡುವುದು ಇಷ್ಟೆಲ್ಲ ಆದಮೇಲೆ. ಕೆಲವು ಫಂಕ್ಷನ್ನಿನ ವಿಳಾಸವನ್ನು ಮೊದಲ ಸಲ ಕರೆದಾಗಲೇ ಹುಡುಕುವುದೂ ಉಂಟು.

ಆ ಲೈಬ್ರರಿಯ 32 ಬಿಟ್ ಪ್ಯಾಕೇಜ್ ಹಾಕಿದೆ, ಮಾರನೇ ಸಂಜೆಯ ತೂಕ ಕಂಪ್ಯೂಟರಿನಲ್ಲೇ ಹತ್ತಿತು.

ಒಂದು ಮಾತು. ಗೊತ್ತಿಲ್ಲದವರು ಕೊಟ್ಟ ಫೈಲ್ ಆದರೆ ಬೇಕಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ ಕಮ್ಯಾಂಡ್ ಹೊಡೆಯಬೇಡಿ, ಕೆಲವು ಸಲ ಅದು ಫೈಲನ್ನೇ ಓಡಿಸಿಬಿಡುತ್ತದೆ. ನೀಡೆಡ್ ಪಟ್ಟಿ ನೋಡಲು 'ರೀಡ್‌ಎಲ್ಫ್ -ಡಿ' ಸಾಕು. ನಿಮ್ಮ ಇಂಟರ್ಪ್ ಸಾಲು ಏನು ಬಂತು ಅಂತ ಹಾಕಿ, ಯಾವ ಪ್ಯಾಕೇಜ್ ಬೇಕು ಅಂತ ನೋಡಿ ಹೇಳುತ್ತೇನೆ.