ಬಿಳಿ ಭಾಗ ದೊಡ್ಡದಾಗಿದೆ, ಗಡ್ಡೆ ಮತ್ತೆ ಬಂತಾ?

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮ ಅಣ್ಣನಿಗೆ ಮೆದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಗಡ್ಡೆ. ಆಪರೇಷನ್ ಆಗಿ, 30 ಸಲ ರೇಡಿಯೇಷನ್ ಮುಗಿದಿದೆ, ಮಾತ್ರೆ ನಡೆದಿದೆ. ಎರಡು ತಿಂಗಳ ಮೇಲೆ ಎಂಆರ್‌ಐ ಮಾಡಿಸಿದರೆ ಬಿಳಿ ಭಾಗ ದೊಡ್ಡದಾಗಿದೆ ಅಂದರು. ಈಗ ‘ಪರ್ಫ್ಯೂಷನ್’ ಮಾಡಿಸಿ ಅಂತಿದ್ದಾರೆ. ಗಡ್ಡೆ ಬಂದಿದ್ದು ಗೊತ್ತಾದ ಮೇಲೆ ಇನ್ನೊಂದು ಸ್ಕ್ಯಾನ್ ಯಾಕೆ? ಅತ್ತಿಗೆ ಊಟ ಬಿಟ್ಟಿದ್ದಾರೆ.
– ಹೆಸರು ಬೇಡ, ನರಗುಂದ

ಉತ್ತರ: ಗೊತ್ತಾಗಿಲ್ಲ ತಮ್ಮಾ, ಅದಕ್ಕೇ ಇನ್ನೊಂದು ಸ್ಕ್ಯಾನ್. ಮೊದಲು ಇದನ್ನು ಅತ್ತಿಗೆಗೆ ಹೇಳಿ.

ಇಂಜೆಕ್ಷನ್ ಕೊಟ್ಟಾಗ ಬೆಳ್ಳಗೆ ಕಾಣುವುದು ರಕ್ತನಾಳದಿಂದ ಔಷಧ ಸೋರಿದ ಜಾಗ. ಗಡ್ಡೆ ಬೆಳೆದರೂ ಸೋರುತ್ತದೆ, ರೇಡಿಯೇಷನ್‌ನ ಪೆಟ್ಟಿನಿಂದ ನಾಳ ಹಾಳಾದರೂ ಸೋರುತ್ತದೆ. ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಈ ಎರಡನೆಯದು ಅಪರೂಪವೇನಲ್ಲ. ಸಾಮಾನ್ಯವಾಗಿ ಚಿಕಿತ್ಸೆ ಬದಲಿಸದೆಯೇ ಅದು ಇಳಿಯುತ್ತದೆ.

ಪರ್ಫ್ಯೂಷನ್ ನೋಡುವುದು ಆ ಜಾಗದಲ್ಲಿ ರಕ್ತ ಎಷ್ಟಿದೆ ಅಂತ. ಬೆಳೆಯುವ ಗಡ್ಡೆ ಹೊಸ ನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ, ಅಲ್ಲಿ ರಕ್ತ ಜಾಸ್ತಿ. ರೇಡಿಯೇಷನ್‌ನಿಂದ ಸತ್ತ ಭಾಗದಲ್ಲಿ ಕಡಿಮೆ. ಗ್ಯಾಡೋಲಿನಿಯಂ ಔಷಧವನ್ನು ಕೈನರಕ್ಕೆ ಸೆಕೆಂಡಿಗೆ 4-5 ಮಿಲಿ ವೇಗದಲ್ಲಿ ಬಿಡುತ್ತೇವೆ, ಅದರ ಹಿಂದೆಯೇ ಸಲೈನ್. ಔಷಧ ಮೆದುಳನ್ನು ದಾಟುವಾಗ ಒಂದರ ಹಿಂದೊಂದು ಚಿತ್ರ ತೆಗೆಯುತ್ತೇವೆ. ಈ ಬಗೆಯ ಚಿತ್ರದಲ್ಲಿ ಔಷಧ ಬೆಳ್ಳಗಲ್ಲ, ಕಪ್ಪಗೆ ಕಾಣುತ್ತದೆ; ರಕ್ತ ಹೆಚ್ಚಿದ್ದಲ್ಲಿ ಹೆಚ್ಚು ಕಪ್ಪಾಗುತ್ತದೆ. ಅದನ್ನು ಲೆಕ್ಕ ಹಾಕಿ, ತಲೆಯ ಇನ್ನೊಂದು ಬದಿಯ ಚೆನ್ನಾಗಿರುವ ಭಾಗಕ್ಕೆ ಹೋಲಿಸುತ್ತೇವೆ. ಇಷ್ಟಕ್ಕೆ ಹಿಡಿಯುವುದು ಒಂದೆರಡು ನಿಮಿಷ.

ರಿಪೋರ್ಟಿನಲ್ಲಿ ‘ಆರ್‌ಸಿಬಿವಿ’ ಅಂತ ಒಂದು ಅಂಕಿ ಇರುತ್ತದೆ, ಅಂದರೆ ಚೆನ್ನಾಗಿರುವ ಬದಿಗೆ ಹೋಲಿಸಿದರೆ ಆ ಜಾಗದಲ್ಲಿ ರಕ್ತ ಎಷ್ಟು ಪಟ್ಟು ಇದೆ ಎಂಬ ಲೆಕ್ಕ. ಮೊಬೈಲಿನಲ್ಲಿ ಹುಡುಕಿದರೆ 1.75 ದಾಟಿದರೆ ಕೆಟ್ಟದ್ದು ಅಂತ ಸಿಗಬಹುದು. ಆ ಗೆರೆ 2003ರ ಒಂದು ಅಧ್ಯಯನದ್ದು, ಗ್ಲಿಯೋಮಾ (ನಿಮ್ಮಣ್ಣನ ಗಡ್ಡೆಯೂ ಸೇರುವ ಗುಂಪು) ಗಡ್ಡೆ ಎಷ್ಟು ಜೋರಿನದು ಎಂದು ಅಂದಾಜು ಮಾಡಲು ಹಾಕಿದ್ದು. ನಿಮ್ಮಣ್ಣನ ಪ್ರಶ್ನೆಯೇ ಬೇರೆ. ಯಂತ್ರ, ಲೆಕ್ಕದ ಸಾಫ್ಟ್‌ವೇರ್ ಬದಲಾದರೂ ಅಂಕಿ ಬದಲಾಗುತ್ತದೆ. ಹಳೆಯ ರಕ್ತಸ್ರಾವ, ಆಪರೇಷನ್ನಿನ ಕ್ಲಿಪ್ ಹತ್ತಿರವಿದ್ದರೆ ಚಿತ್ರವೇ ಕೆಡುತ್ತದೆ. ಗಡ್ಡೆ, ಸತ್ತ ಭಾಗ ಎರಡೂ ಬೆರೆತಿರುವುದೂ ಉಂಟು. ಹಾಗಾಗಿ ಒಂದೇ ಅಂಕಿ ಹಿಡಿದು ನಾನಂತೂ ತೀರ್ಪು ಕೊಡುವುದಿಲ್ಲ.

ನನಗೆ ನಿಜಕ್ಕೂ ಸಂಕಟವಾಗುವುದು ಬೇರೆ ವಿಷಯಕ್ಕೆ. ರೋಣ, ನರಗುಂದದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಬರುವವರು ರಿಪೋರ್ಟ್ ಹಾಳೆ ಮಾತ್ರ ತರುತ್ತಾರೆ. ಸಿಡಿ ಮನೆಯ ಟ್ರಂಕಿನಲ್ಲಿ ಉಳಿದಿರುತ್ತದೆ. ಹಳೆಯ ಚಿತ್ರ ಪಕ್ಕಕ್ಕಿಡದೆ ಹೊಸದನ್ನು ಓದುವುದು ಕಷ್ಟ. ಆಪರೇಷನ್ ಆದ ಮೇಲೆ, ರೇಡಿಯೇಷನ್ನಿಗೆ ಮುಂಚೆ ತೆಗೆದ ಸಿಡಿಯನ್ನು ತಪ್ಪದೇ ತನ್ನಿ. ಸಾಧ್ಯವಾದರೆ ಅದೇ ಯಂತ್ರದಲ್ಲೇ ಮಾಡಿಸಿ. ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಇರಲಿ. ಸ್ಟೀರಾಯ್ಡ್ ಮಾತ್ರೆಯ ಡೋಸ್ ಬರೆದು ತನ್ನಿ, ಅದರಿಂದಲೂ ಬಿಳಿ ಭಾಗ ಚಿಕ್ಕದಾಗಿ ಕಾಣಬಹುದು. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಬಂದರೆ, ಕೈಕಾಲು ಸೋತರೆ, ವಾಂತಿ ನಿಲ್ಲದಿದ್ದರೆ ಸ್ಕ್ಯಾನ್ ತಾರೀಕು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.